ಬಿರುಕನ್ನು ಓದಿದ ವಿಜ್ಞಾನಿ: ಅಲನ್ ಆರ್ನಾಲ್ಡ್ ಗ್ರಿಫಿತ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಮಂಜೇಶ್ವರದ ಗೋವಿಂದ ಪೈಗಳ ಕುರಿತಾಗಿಯೋ ಕಯ್ಯಾರ ಕಿಞ್ಞಣ್ಣ ರೈಗಳ ಕುರಿತಾಗಿಯೋ ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ಹಿರಿಯರ ವಿಷಯದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ನಾನು ಆರಿಸಿಕೊಂಡ ಹೆಸರು ಆಂಗ್ಲ ವಿಜ್ಞಾನಿಯೊಬ್ಬರದು. ಇಂಜಿನಿಯರಿಂಗ್ ವ್ಯಾಸಂಗ ಮಾಡಿದ ನಮ್ಮ ಹಳೆ ವಿದ್ಯಾರ್ಥಿಗಳಿಗೆ ಆ ಹೆಸರು ಚಿರಪರಿಚಿತ, ಉಳಿದವರಿಗೆ ಅಪರಿಚಿತ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಅಧ್ಯಾಪಕ ತರಬೇತಿ ಪಡೆದು ಮಕ್ಕಳಿಗೆ ಪಾಠ ಹೇಳಿದ ನನಗೂ ಈಚಿನವರೆಗೆ ಅದು ಅಪರಿಚಿತವೇ ಆಗಿತ್ತು.

ಅದನ್ನು ನನಗೆ ಪರಿಚಯಿಸಿದ್ದು ಏಳನೆಯ ತರಗತಿಯ ಗೋಡೆ. ಹಳೆಯ ಮುರಕಲ್ಲಿನ ಗೋಡೆಯೂ ಅನಂತರ ಕಟ್ಟಿಸಿದ ಕಾಂಕ್ರೀಟು ಕಂಬವೂ ಕೂಡುವಲ್ಲಿ ಮೇಲಿನಿಂದ ಕೆಳಗೆ ಇಳಿದಿದ್ದ ಬಿರುಕನ್ನು ಆ ಕೊಠಡಿಯಲ್ಲಿ ಕುಳಿತವರೆಲ್ಲರೂ ಬಲ್ಲರು. ನಾನು ಮುಖ್ಯೋಪಾಧ್ಯಾಯನಾಗಿದ್ದ ಅವಧಿಯಲ್ಲಿ ಎರಡು ಬಾರಿ ಅದಕ್ಕೆ ಸಿಮೆಂಟಿನ ಗಾರೆ ಬಳಿಸಿದೆ. ಎರಡು ಬಾರಿಯೂ ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅದು ಅದೇ ಸ್ಥಳದಲ್ಲಿ ಮರಳಿ ಬಾಯ್ದೆರೆಯಿತು. ಮಹೋತ್ಸವದ ದುರಸ್ತಿ ಕಾರ್ಯಕ್ಕಾಗಿ ಬಂದ ಹಳೆ ವಿದ್ಯಾರ್ಥಿಯೊಬ್ಬರು, ಈಗ ಇಂಜಿನಿಯರರಾಗಿರುವವರು, ಅದನ್ನು ಬಹಳ ಹೊತ್ತು ಪರೀಕ್ಷಿಸಿದರು. ಬಿರುಕನ್ನು ಮುಚ್ಚುವುದಕ್ಕೆ ಮೊದಲು ಅರಿಯಬೇಕು ಎಂಬ ಮಾತಿನೊಂದಿಗೆ ಅವರು ಗ್ರಿಫಿತರ ಹೆಸರನ್ನು ಹೇಳಿದರು. ವಿದ್ಯಾರ್ಥಿಯಿಂದ ಗುರುವು ಪಾಠ ಹೇಳಿಸಿಕೊಳ್ಳುವುದಕ್ಕಿಂತ ಮಿಗಿಲಾದ ಭಾಗ್ಯ ಬೇರೊಂದಿಲ್ಲ. ಅಂದಿನಿಂದ ನಾನು ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಅಲನ್ ಆರ್ನಾಲ್ಡ್ ಗ್ರಿಫಿತ್ ಅವರು 1893ರ ಜೂನ್ 13ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಜಾರ್ಜ್ ಗ್ರಿಫಿತ್ ಬರವಣಿಗೆಗೆ ಇಳಿಯುವ ಮೊದಲು ಶಾಲಾ ಶಿಕ್ಷಕರಾಗಿದ್ದವರು. ಮಗ ಹುಟ್ಟಿದ ವರ್ಷದಲ್ಲಿಯೇ ಪ್ರಕಟವಾದ ಅವರ ಕಾದಂಬರಿಯೊಂದು ಆಕಾಶನೌಕೆಗಳು ಯುದ್ಧ ಮಾಡುವ ಕಥೆಯಿಂದ ದೇಶದಾದ್ಯಂತ ಪ್ರಸಿದ್ಧವಾಯಿತು. ಮನುಷ್ಯನು ವಿಮಾನವೇರಿ ಹಾರುವುದಕ್ಕೆ ಇನ್ನೂ ಹತ್ತು ವರ್ಷಗಳಿದ್ದವು. ತಂದೆ ಕಲ್ಪನೆಯಲ್ಲಿ ಹಾರಿಸಿದುದನ್ನು ಮಗನು ಲೋಹದಲ್ಲಿ ಹಾರಿಸಬೇಕೆಂಬುದು ವಿಧಿಲಿಖಿತವಾಗಿತ್ತೋ ಏನೋ! ಆದರೆ ಅದನ್ನು ಕಾಣುವ ಯೋಗ ತಂದೆಗೆ ಇರಲಿಲ್ಲ. 1906ರಲ್ಲಿ, ಅಲನ್‌ಗೆ ಹದಿಮೂರು ತುಂಬುವ ಹೊತ್ತಿಗೆ, ಅವರು ತೀರಿಕೊಂಡರು.

ಆಗ ಕುಟುಂಬವು ಇಂಗ್ಲೆಂಡ್ ಮತ್ತು ಐರ್ಲೆಂಡುಗಳ ನಡುವಣ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿತ್ತು. ಅಲನ್ ಅಲ್ಲಿಯ ಡಗ್ಲಸ್ ಪಟ್ಟಣದ ಪ್ರೌಢಶಾಲೆಯಲ್ಲಿ ಓದಿದರು. ಗಡಿನಾಡಿನವರಾದ ನಮಗೆ ಆ ದ್ವೀಪದ ಇನ್ನೊಂದು ಸಂಗತಿ ಮನಸ್ಸಿಗೆ ತಟ್ಟುವಂಥದು. ಅಲ್ಲಿಗೆ ಮ್ಯಾಂಕ್ಸ್ ಎಂಬ ತನ್ನದೇ ಆದ ಭಾಷೆಯಿತ್ತು. ಅದನ್ನು ತಾಯಿನುಡಿಯಾಗಿ ಕಲಿತವರಲ್ಲಿ ಕೊನೆಯವರು 1974ರಲ್ಲಿ ತೀರಿಕೊಂಡರು. ಆದರೂ ದ್ವೀಪದ ಜನ ಕೈಚೆಲ್ಲಲಿಲ್ಲ. 2001ರಲ್ಲಿ ಆ ಭಾಷಾ ಮಾಧ್ಯಮದ ಪ್ರಾಥಮಿಕ ಶಾಲೆಯೊಂದನ್ನು ತೆರೆದು ಮಕ್ಕಳ ನಾಲಗೆಯ ಮೇಲೆ ನುಡಿಯನ್ನು ಮರಳಿ ನೆಲೆಗೊಳಿಸಿದರು. ಒಂದು ಶಾಲೆ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

1911ರಲ್ಲಿ ವಿದ್ಯಾರ್ಥಿವೇತನ ಪಡೆದು ಲಿವರ್‌ಪೂಲ್ ವಿಶ್ವವಿದ್ಯಾನಿಲಯವನ್ನು ಸೇರಿದ ಗ್ರಿಫಿತ್, 1914ರಲ್ಲಿ ಯಂತ್ರಶಾಸ್ತ್ರದಲ್ಲಿ ಪ್ರಥಮ ದರ್ಜೆಯ ಪದವೀಧರರಾದರು. ಮಹಾಯುದ್ಧ ಆರಂಭವಾಗಿತ್ತು. 1915ರಲ್ಲಿ ಅವರು ಫಾರ್ನ್‌ಬರೊದಲ್ಲಿದ್ದ ಸರಕಾರಿ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗಕ್ಕೆ ಸೇರಿದರು. ವಿಮಾನದ ಭಾಗಗಳನ್ನು ತಿರುಚಿದಾಗ ಅವುಗಳ ಒಳಗೆ ಉಂಟಾಗುವ ಪೀಡನವನ್ನು ಗಣಿತದಿಂದ ಕಂಡುಹಿಡಿಯುವುದು ಅಂದು ಅತಿ ಕಠಿಣವಾಗಿತ್ತು. ಗ್ರಿಫಿತರೂ ಜಿ. ಐ. ಟೇಲರ್ ಎಂಬ ವಿಜ್ಞಾನಿಯೂ ಕೂಡಿ 1917ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಆ ಭಾಗದ ಅಡ್ಡಕೊಯ್ತದ ಆಕಾರದಲ್ಲಿಯೇ ತಗಡಿನಲ್ಲಿ ರಂಧ್ರ ಕೊರೆದು, ಅದಕ್ಕೆ ಸಾಬೂನಿನ ಪೊರೆಯನ್ನು ಹಿಡಿಸಿ ಮೆಲ್ಲನೆ ಉಬ್ಬಿಸಿದರೆ, ಪೊರೆಯ ಇಳಿಜಾರೇ ಪೀಡನದ ಅಳತೆಯಾಗುತ್ತದೆ. ಮಕ್ಕಳು ಊದಿ ಆಡುವ ಸಾಬೂನಿನ ಗುಳ್ಳೆಯಿಂದ ವಿಮಾನ ನಿರ್ಮಾಣದ ಸಮಸ್ಯೆ ಬಗೆಹರಿಯಿತು. ಸಹೋದ್ಯೋಗಿಗಳು ಅವರನ್ನು ಗುಳ್ಳೆ ಗ್ರಿಫಿತ್ ಎಂದು ವಿನೋದವಾಗಿ ಕರೆಯತೊಡಗಿದರು.

ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಕಾರ್ಯ ಅದರ ಬೆನ್ನಲ್ಲಿಯೇ ಆರಂಭವಾಯಿತು. ಗಟ್ಟಿಯಾದ ವಸ್ತುವು ಏಕೆ ಒಡೆಯುತ್ತದೆ? ಅಣುಗಳನ್ನು ಬಂಧಿಸಿರುವ ಬಲವನ್ನು ಲೆಕ್ಕ ಹಾಕಿದರೆ ಗಾಜು ಈಗಿರುವುದಕ್ಕಿಂತ ಅನೇಕ ಪಟ್ಟು ಬಲಿಷ್ಠವಾಗಿರಬೇಕು. ಹಾಗಿಲ್ಲವೇಕೆ? ಕೇಂಬ್ರಿಜ್‌ನ ಇಂಗ್ಲಿಸ್ ಎಂಬ ಇಂಜಿನಿಯರರು 1913ರಲ್ಲಿಯೇ, ತಗಡಿನಲ್ಲಿ ಚೂಪಾದ ಸೀಳು ಇದ್ದರೆ ಅದರ ತುದಿಯಲ್ಲಿ ಪೀಡನ ಬಹುಪಟ್ಟು ಹೆಚ್ಚುವುದೆಂದು ತೋರಿಸಿದ್ದರು. ದುಂಡನೆಯ ತೂತಿನ ಅಂಚಿನಲ್ಲಿಯೇ ಅದು ಮೂರು ಪಟ್ಟು. ಸೀಳು ಚೂಪಾದಷ್ಟೂ ಅದು ಏರುತ್ತ ಹೋಗುತ್ತದೆ. ಆದರೆ ಈ ಲೆಕ್ಕದಂತೆ ನಡೆದರೆ ಅತಿ ಚೂಪಾದ ಬಿರುಕುಳ್ಳ ಯಾವ ವಸ್ತುವೂ ಸ್ವಲ್ಪ ಭಾರವನ್ನೂ ತಾಳಲಾರದು. ಲೋಕದಲ್ಲಿ ಹಾಗೆ ಕಾಣುವುದಿಲ್ಲ. ಬಿರುಕು ಬಿಟ್ಟ ಗೋಡೆಗಳು, ಸೀಳಿದ ತೊಲೆಗಳು ಎಷ್ಟೋ ವರ್ಷ ನಿಂತಿರುತ್ತವೆ.

ಗ್ರಿಫಿತ್ ಈ ಗಂಟನ್ನು ಶಕ್ತಿಯ ಜಮಾಖರ್ಚಿನಿಂದ ಬಿಡಿಸಿದರು. ಎಳೆಯಲ್ಪಟ್ಟ ವಸ್ತುವಿನಲ್ಲಿ, ಎಳೆದ ರಬ್ಬರಿನಲ್ಲಿರುವಂತೆ, ಶಕ್ತಿ ಸಂಚಯವಾಗಿರುತ್ತದೆ. ಬಿರುಕು ಬೆಳೆದಾಗ ಸುತ್ತಲಿನ ಭಾಗ ಸಡಿಲಗೊಂಡು ಆ ಶಕ್ತಿಯಲ್ಲಿ ಸ್ವಲ್ಪ ಭಾಗ ಬಿಡುಗಡೆಯಾಗುತ್ತದೆ, ಇದು ಜಮೆ. ಹೊಸ ಮೇಲ್ಮೈಗಳು ಹುಟ್ಟುವುದಕ್ಕೆ ಶಕ್ತಿ ವ್ಯಯವಾಗುತ್ತದೆ, ಇದು ಖರ್ಚು. ಬಿರುಕಿನ ಉದ್ದ ಎರಡು ಪಟ್ಟಾದರೆ ಖರ್ಚು ಎರಡು ಪಟ್ಟು, ಜಮೆ ನಾಲ್ಕು ಪಟ್ಟು. ಆದುದರಿಂದ ಚಿಕ್ಕ ಬಿರುಕಿನಲ್ಲಿ ಖರ್ಚು ಮಿಗಿಲು. ಅದು ಇದ್ದಲ್ಲಿಯೇ ಇರುತ್ತದೆ. ಒಂದು ಮೇರೆಯನ್ನು ಮೀರಿದೊಡನೆ ಜಮೆ ಮಿಗಿಲು. ಅನಂತರ ಯಾರೂ ಒತ್ತಬೇಕಾಗಿಲ್ಲ, ಬಿರುಕು ತಾನಾಗಿ ಓಡುತ್ತದೆ. ಬಿರುಕಿನ ಉದ್ದ ನಾಲ್ಕು ಪಟ್ಟಾದರೆ ವಸ್ತುವಿನ ತಾಳಿಕೆ ಅರ್ಧಕ್ಕೆ ಇಳಿಯುತ್ತದೆ. ಇಷ್ಟೇ ಅವರ ಸೂತ್ರದ ಸಾರ.

ಸೂತ್ರವನ್ನು ಅವರು ಗಾಜಿನಲ್ಲಿ ಪರೀಕ್ಷಿಸಿದರು. ತೆಳುವಾದ ಗಾಜಿನ ಬುರುಡೆ, ಕೊಳವೆಗಳ ಮೇಲೆ ಗೊತ್ತಾದ ಉದ್ದದ ಬಿರುಕುಗಳನ್ನು ಮೂಡಿಸಿ, ಒಳಗಿನಿಂದ ಒತ್ತಡ ತುಂಬಿ, ಒಡೆಯುವವರೆಗೆ ಏರಿಸಿದರು. ಲೆಕ್ಕ ಕೂಡಿಬಂತು. ಬಳಿಕ ಗಾಜನ್ನು ಕರಗಿಸಿ ಎಳೆ ತೆಗೆದರು. ಒಂದು ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿ ಚದರ ಅಂಗುಲಕ್ಕೆ ಸುಮಾರು 25,000 ಪೌಂಡು ಎಳೆತವನ್ನು ತಾಳಿದರೆ, ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗದಷ್ಟು ತೆಳ್ಳಗಿನ ಎಳೆ ಸುಮಾರು 4,90,000 ಪೌಂಡು ತಾಳಿತು. ಹತ್ತಿರ ಹತ್ತಿರ ಇಪ್ಪತ್ತು ಪಟ್ಟು. ವಸ್ತು ಅದೇ ಗಾಜು. ದಪ್ಪ ಕಡ್ಡಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿಗೆ ಸ್ಥಳವುಂಟು. ತೆಳ್ಳಗಿನ ಎಳೆಯಲ್ಲಿ ದೊಡ್ಡ ಬಿರುಕಿಗೆ ಸ್ಥಳವೇ ಇಲ್ಲ. ವಸ್ತುವಿನ ಬಲವನ್ನು ನಿರ್ಣಯಿಸುವುದು ಅದರ ಗಾತ್ರವಲ್ಲ, ಅದರೊಳಗೆ ಅಡಗಿರುವ ಅತಿ ದೊಡ್ಡ ದೋಷ ಎಂಬುದು ಲೋಕಕ್ಕೆ ತಿಳಿಯಿತು.

1920ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ ಈ ಪ್ರಬಂಧ ಅಚ್ಚಾಗುವಷ್ಟರಲ್ಲಿ ಗಣನೆಯಲ್ಲಿ ಒಂದು ತಪ್ಪು ನುಸುಳಿದೆಯೆಂದು ಗ್ರಿಫಿತರಿಗೆ ಗೊತ್ತಾಯಿತು. ಅವರು ಅದನ್ನು ಮರೆಮಾಚಲಿಲ್ಲ. ತಪ್ಪಿದೆಯೆಂದು ಪ್ರಬಂಧದಲ್ಲಿಯೇ ಟಿಪ್ಪಣಿ ಸೇರಿಸಿದರು. 1924ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಸಮ್ಮೇಳನದಲ್ಲಿ ಸರಿಯಾದ ಗಣನೆಯನ್ನು ಮಂಡಿಸಿದರು. ಗಣಿತದ ಅಧ್ಯಾಪಕರೂ ವಿದ್ಯಾರ್ಥಿಗಳೂ ನೆನಪಿನಲ್ಲಿಡತಕ್ಕ ನಡತೆಯಿದು.

ಇಷ್ಟಾದರೂ ಆ ಕೆಲಸ ಮುಂದುವರಿಯಲಿಲ್ಲ. ಲೇಖಕರೂ ವಿಜ್ಞಾನಿಯೂ ಆದ ಜೆ. ಇ. ಗೋರ್ಡನ್ ತಮ್ಮ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾರೆ. ಗ್ರಿಫಿತರ ಸಹಾಯಕರಾಗಿದ್ದ ಬೆನ್ ಲಾಕ್‌ಸ್ಪೈಸರ್ ಒಂದು ಸಂಜೆ ಗಾಜು ಕರಗಿಸುವ ಅನಿಲದ ಉರಿಯನ್ನು ಆರಿಸಲು ಮರೆತರು; ಬೆಂಕಿ ಹತ್ತಿಕೊಂಡಿತು. ವಿಚಾರಣೆ ನಡೆಯಿತು. ಗಾಜಿನೊಂದಿಗೆ ಕಾಲಹರಣ ಮಾಡುವುದನ್ನು ನಿಲ್ಲಿಸಬೇಕೆಂದು ಆಜ್ಞೆಯಾಯಿತು; ಗ್ರಿಫಿತರನ್ನು ಬೇರೆ ಕೆಲಸಕ್ಕೆ ವರ್ಗಾಯಿಸಲಾಯಿತು. ಉರಿಯನ್ನು ಆರಿಸಲು ಮರೆತ ಆ ಯುವಕ ಮುಂದೆ ಸರ್ ಪದವಿಗೆ ಪಾತ್ರರಾಗಿ, ಜಿನೀವಾದ ಸರ್ನ್ ಎಂಬ ಪ್ರಖ್ಯಾತ ಪರಮಾಣು ಸಂಶೋಧನ ಸಂಸ್ಥೆಯ ಆಡಳಿತ ಪರಿಷತ್ತಿನ ಮೊದಲ ಅಧ್ಯಕ್ಷರಾದರು.

ಗ್ರಿಫಿತರು ವಿಮಾನ ಯಂತ್ರಗಳತ್ತ ತಿರುಗಿದರು. 1926ರಲ್ಲಿಯೇ ಅವರು, ಟರ್ಬೈನಿನ ಅಲಗುಗಳನ್ನು ವಿಮಾನದ ರೆಕ್ಕೆಯಂತೆ ರೂಪಿಸಬೇಕೆಂದು ಪ್ರತಿಪಾದಿಸಿದರು. ಇಂದಿನ ಜೆಟ್ ಯಂತ್ರಗಳ ಅಲಗುಗಳೆಲ್ಲವೂ ಆ ತತ್ತ್ವವನ್ನೇ ಅನುಸರಿಸುತ್ತವೆ. ಆದರೆ ಅವರ ಜೀವನದಲ್ಲಿ ಒಂದು ಕಪ್ಪು ಚುಕ್ಕೆಯೂ ಇದೆ. ಜೀವನ ಚರಿತ್ರೆಕಾರನು ಅದನ್ನು ಬಿಡಲಾಗದು. 1929ರ ಸುಮಾರಿಗೆ ಫ್ರಾಂಕ್ ವಿಟ್ಲ್ ಎಂಬ ತರುಣ ವಾಯುಸೇನಾಧಿಕಾರಿ ಜೆಟ್ ಯಂತ್ರದ ತನ್ನ ಯೋಜನೆಯನ್ನು ಸರಕಾರದ ಮುಂದಿಟ್ಟಾಗ, ಅದನ್ನು ಪರಿಶೀಲಿಸಿದವರು ಗ್ರಿಫಿತ್. ಅವರು ಲೆಕ್ಕದಲ್ಲಿದ್ದ ಒಂದು ತಪ್ಪನ್ನು ಎತ್ತಿ ತೋರಿಸಿ, ಯೋಜನೆ ಲಾಭಕರವಲ್ಲವೆಂಬ ಅಭಿಪ್ರಾಯ ಕೊಟ್ಟರು. ತನ್ನ ಲೆಕ್ಕದ ತಪ್ಪನ್ನು ನಿಸ್ಸಂಕೋಚವಾಗಿ ಒಪ್ಪಿಕೊಂಡಿದ್ದ ಮನುಷ್ಯನಿಗೆ ಇನ್ನೊಬ್ಬನ ಲೆಕ್ಕದ ತಪ್ಪಿನಾಚೆ ಇದ್ದ ಸತ್ಯ ಕಾಣಲಿಲ್ಲ. ವಿಟ್ಲ್ ಧೃತಿಗೆಡದೆ ದುಡಿದರು. 1937ರಲ್ಲಿ ಅವರ ಯಂತ್ರ ನೆಲದ ಮೇಲೆ ಓಡಿತು, 1941ರ ಮೇ 15ರಂದು ವಿಮಾನವನ್ನು ಹಾರಿಸಿತು.

1939ರಲ್ಲಿ ಗ್ರಿಫಿತ್ ರೋಲ್ಸ್‌ರಾಯ್ಸ್ ಸಂಸ್ಥೆಯನ್ನು ಸೇರಿದರು. 1941ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು. ಅವರ ಚಿಂತನೆಯಿಂದ ಮೊಳೆತ ಏವನ್ ಎಂಬ ಜೆಟ್ ಯಂತ್ರ 1947ರಲ್ಲಿ ಮೊದಲ ಬಾರಿ ಓಡಿತು. ನಮ್ಮ ದೇಶಕ್ಕೂ ಅದರ ಋಣವುಂಟು. 1957ರಿಂದ ಭಾರತೀಯ ವಾಯುಸೇನೆಗೆ ಸೇರಿ, 1965 ಮತ್ತು 1971ರ ಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಹಂಟರ್ ಮತ್ತು ಕ್ಯಾನ್‌ಬೆರಾ ವಿಮಾನಗಳು ಏವನ್ ಯಂತ್ರದಿಂದಲೇ ಹಾರುತ್ತಿದ್ದವು. ರೆಕ್ಕೆಯಿಲ್ಲದೆ ನೆಟ್ಟಗೆ ಮೇಲೇರುವ ವಾಹನದ ಕಲ್ಪನೆಯೂ ಅವರದು. 1954ರ ಆಗಸ್ಟ್ 3ರಂದು ಹಗ್ಗದ ಕಟ್ಟಿಲ್ಲದೆ ಮೇಲಕ್ಕೇರಿದ ಆ ವಿಚಿತ್ರ ಸಾಧನವನ್ನು ಜನರು ಹಾರುವ ಮಂಚವೆಂದು ಕರೆದರು. 1960ರಲ್ಲಿ ನಿವೃತ್ತರಾದ ಗ್ರಿಫಿತ್, 1963ರ ಅಕ್ಟೋಬರ್ 13ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ದಿವಂಗತರಾದರು.

ಅವರು ಬಿಟ್ಟುಹೋದ ಬಿರುಕಿನ ಶಾಸ್ತ್ರ ಬಹುಕಾಲ ನಿದ್ರಿಸಿತ್ತು. ಅದನ್ನು ಎಬ್ಬಿಸಿದವು ದುರಂತಗಳು. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದವರು ತರಾತುರಿಯಿಂದ ಬೆಸುಗೆ ಹಾಕಿ ಕಟ್ಟಿದ ಹಡಗುಗಳಲ್ಲಿ ಅನೇಕವು ಬಿರುಕು ಬಿಟ್ಟವು. ಸ್ಕೆನೆಕ್ಟಡಿ ಎಂಬ ತೈಲನೌಕೆ 1943ರ ಜನವರಿ 16ರಂದು ನಿಶ್ಚಲವಾದ ಬಂದರಿನ ನೀರಿನಲ್ಲಿ ನಿಂತಿದ್ದಂತೆಯೇ ಎರಡಾಗಿ ಸೀಳಿತು. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿ ಒಡೆದು ಪ್ರಯಾಣಿಕರೆಲ್ಲರೂ ಮೃತಪಟ್ಟರು. ಅದರ ಕಾರಣ ಬಳಲಿದ ಲೋಹದ ಬಿರುಕೆಂಬುದು ಪತ್ತೆಯಾದುದು ಗ್ರಿಫಿತ್ ಒಮ್ಮೆ ಗಾಜು ಒಡೆದು ಪರೀಕ್ಷಿಸಿದ್ದ ಆ ಫಾರ್ನ್‌ಬರೊದಲ್ಲಿಯೇ. ಅಮೇರಿಕದ ನೌಕಾ ಸಂಶೋಧನಾಲಯದ ಜಾರ್ಜ್ ಇರ್ವಿನ್ ಗ್ರಿಫಿತರ ತತ್ತ್ವವನ್ನು ಲೋಹಗಳಿಗೂ ಅನ್ವಯಿಸುವಂತೆ ವಿಸ್ತರಿಸಿದರು. ಫ್ರಾಕ್ಚರ್ ಮೆಕ್ಯಾನಿಕ್ಸ್ ಎಂಬ ಶಾಸ್ತ್ರ ರೂಪುಗೊಂಡುದು ಹೀಗೆ.

ಇನ್ನು ನಮ್ಮ ಗೋಡೆಯ ಬಿರುಕಿನ ಮಾತು. ಗ್ರಿಫಿತ್ ಪರೀಕ್ಷಿಸಿದುದು ಒಂದೇ ವಸ್ತುವಿನ ಬಿರುಕನ್ನು. ಎರಡು ಭಿನ್ನ ವಸ್ತುಗಳು ಅಂಟಿಕೊಂಡ ಸಂಧಿಯಲ್ಲಿ ಬಿರುಕಿದ್ದರೆ? ಈ ಪ್ರಶ್ನೆಯನ್ನು 1959ರಲ್ಲಿ ಅಮೇರಿಕದ ಎಂ. ಎಲ್. ವಿಲಿಯಮ್ಸ್ ಎತ್ತಿಕೊಂಡರು. ಅವರ ಪ್ರಬಂಧ ಪ್ರಕಟವಾದುದು ಭೂಕಂಪ ಶಾಸ್ತ್ರದ ಪತ್ರಿಕೆಯಲ್ಲಿ; ಭಿನ್ನ ಶಿಲೆಗಳ ನಡುವಣ ಸೀಳೂ ಅಂತಹ ಸಂಧಿಯೇ ಅಲ್ಲವೇ? ಒಂದೇ ಎಳೆತಕ್ಕೆ ಎರಡು ವಸ್ತುಗಳು ಸಮನಾಗಿ ಹಿಗ್ಗುವುದಿಲ್ಲ. ಆದುದರಿಂದ ಸಂಧಿಯ ಬಿರುಕು ನೇರವಾಗಿ ಎಳೆದರೂ ಬಾಯ್ದೆರೆಯುವುದರ ಜೊತೆಗೆ ಪಕ್ಕಕ್ಕೂ ಜಾರಲು ಹವಣಿಸುತ್ತದೆ. ವಿಲಿಯಮ್ಸರ ಗಣಿತದಲ್ಲಿ, ಬಿರುಕಿನ ತುದಿಯನ್ನು ಸಮೀಪಿಸಿದಂತೆ ಪೀಡನವು ಎಳೆತದಿಂದ ಒತ್ತಿಗೆ, ಒತ್ತಿನಿಂದ ಎಳೆತಕ್ಕೆ ಮತ್ತೆ ಮತ್ತೆ ಹೊಯ್ದಾಡಿತು. ಬಿರುಕಿನ ಎರಡು ದಡಗಳು ಒಂದರೊಳಗೊಂದು ಹಾಯಬೇಕೆಂಬ ಅಸಂಭವ ಫಲಿತಾಂಶವೂ ಅದರಿಂದ ಹೊರಟಿತು. 1977ರಲ್ಲಿ ಮರಿಯಾ ಕೊಮ್ನಿನೊ ಎಂಬ ವಿದುಷಿ, ತುದಿಯ ಬಳಿ ದಡಗಳು ಒಂದನ್ನೊಂದು ಮುಟ್ಟಿ ಒತ್ತಿಕೊಂಡಿರುವ ಅತಿ ಕಿರಿದಾದ ಭಾಗವಿರುವುದೆಂದು ಗಣಿಸಿ ಆ ವಿರೋಧವನ್ನು ಪರಿಹರಿಸಿದರು.

ನಮ್ಮ ಮುರಕಲ್ಲು ಮಳೆಗೆ ನೀರು ಹೀರುತ್ತದೆ, ಬೇಸಗೆಯಲ್ಲಿ ಒಣಗುತ್ತದೆ. ಕಾಂಕ್ರೀಟಿನ ಹಿಗ್ಗುವಿಕೆ ಕುಗ್ಗುವಿಕೆಗಳ ಲೆಕ್ಕವೇ ಬೇರೆ. ಎರಡರ ಮೇಲೂ ಗಟ್ಟಿ ಗಾರೆ ಬಳಿದು ಒಂದೇ ಎಂಬಂತೆ ತೋರಿಸಿದುದು ನನ್ನ ತಪ್ಪು. ಹಳೆ ವಿದ್ಯಾರ್ಥಿ ಮಿತ್ರರು ಆ ಗಾರೆಯನ್ನು ಕೆತ್ತಿಸಿ, ಸಂಧಿಯ ಉದ್ದಕ್ಕೂ ನೇರವಾದ ಸಣ್ಣ ಗೀರು ಬಿಡಿಸಿ, ಹಿಗ್ಗಿ ಕುಗ್ಗಬಲ್ಲ ಮೆತ್ತನೆಯ ವಸ್ತುವನ್ನು ಅದರಲ್ಲಿ ತುಂಬಿಸಿದರು. ಆಮೇಲೆ ಮಳೆಗಾಲವೊಂದು ಕಳೆದಿದೆ, ಬಿರುಕು ಮರಳಿಲ್ಲ.

ಇದರ ಹಿಂದೆ ಇನ್ನೂ ಆಳವಾದ ತತ್ತ್ವವಿದೆ. ಗ್ರಿಫಿತ್ ತೀರಿಕೊಂಡ ಮರುವರ್ಷ, 1964ರಲ್ಲಿ, ಕುಕ್ ಮತ್ತು ಮೇಲೆ ಹೆಸರಿಸಿದ ಗೋರ್ಡನ್ ಒಂದು ಸೋಜಿಗವನ್ನು ತೋರಿಸಿದರು. ಓಡಿಬರುವ ಬಿರುಕಿನ ಮುಂದೆ ಅಡ್ಡಲಾಗಿ ಸಂಧಿಯೊಂದಿದ್ದು, ಅದರ ಹಿಡಿತವು ವಸ್ತುವಿನ ಬಲದ ಸುಮಾರು ಐದನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ, ಬಿರುಕು ತಲಪುವ ಮೊದಲೇ ಸಂಧಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಬಿರುಕಿನ ಚೂಪು ಮೊಂಡಾಗಿ ಅದು ಅಲ್ಲಿಯೇ ನಿಲ್ಲುತ್ತದೆ. ಹಿಡಿತ ಅತಿಯಾದರೆ ಬಿರುಕು ತಡೆಯಿಲ್ಲದೆ ದಾಟಿಹೋಗುತ್ತದೆ. ಹಿಡಿತವೇ ಇಲ್ಲದಿದ್ದರೆ ವಸ್ತು ಕಳಚಿಬೀಳುತ್ತದೆ. ಗಾಜಿನ ಅಥವಾ ಇಂಗಾಲದ ತೆಳ್ಳಗಿನ ಎಳೆಗಳನ್ನು ರಾಳದಲ್ಲಿ ಹದವಾಗಿ ಬಂಧಿಸಿದ ವಸ್ತುಗಳು ಬಿರುಕನ್ನು ತಡೆಯುವುದು ಇದರಿಂದಲೇ. ಇಂಗಾಲದ ಬಲಿಷ್ಠ ಎಳೆಯನ್ನು ತಯಾರಿಸುವ ವಿಧಾನ 1960ರ ದಶಕದಲ್ಲಿ ಸಿದ್ಧವಾದುದೂ ಫಾರ್ನ್‌ಬರೊದಲ್ಲಿಯೇ. ಇಂದು ಬೋಯಿಂಗ್ 787 ವಿಮಾನದ ಒಡಲಿನ ತೂಕದಲ್ಲಿ ಸುಮಾರು ಅರ್ಧಭಾಗ ಇಂತಹ ಸಂಯುಕ್ತ ವಸ್ತು. ಕಾಲಹರಣವೆಂದು ನಿಲ್ಲಿಸಲ್ಪಟ್ಟ ಪ್ರಯೋಗದ ಎಳೆ ಹಿಡಿದು ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ನಮ್ಮ ಮಕ್ಕಳು ಊರು ತಲಪುತ್ತಿರಬಹುದು.

ಗ್ರಿಫಿತರ ಚರಿತ್ರೆಯನ್ನು ಓದುವಾಗ ನನ್ನನ್ನು ಕಾಡಿದುದು ಒಬ್ಬ ಹುಡುಗನ ನೆನಪು. ಅವನು ಮೊದಲು ವಾರಕ್ಕೆ ಒಂದು ದಿನ ಶಾಲೆಗೆ ತಪ್ಪಿಸಿದ. ನಾನು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದೆ. ಅನಂತರ ಮೂರು ದಿನ, ಗದರಿಸಿದೆ. ಅವನ ಮನೆಯ ಮೆಟ್ಟಿಲು ಹತ್ತಿದ ದಿನ ಅವನು ಕೆಲಸಕ್ಕೆಂದು ಊರು ಬಿಟ್ಟು ವಾರವಾಗಿತ್ತು. ಬಿರುಕು ಮೇರೆಯೊಳಗಿದ್ದಾಗ ನಾನು ನೋಡಲಿಲ್ಲ. ಮೇರೆ ಮೀರಿದ ಮೇಲೆ ಗಾರೆ ಹಿಡಿದು ನಿಂತೆ. ಇಂದು ಈ ಶಾಲೆಯಲ್ಲಿ ಪಾಠ ಹೇಳುತ್ತಿರುವ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ದಿನದ ಗೈರುಹಾಜರಿಯನ್ನು ಓದಿರಿ.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಾವು ಸಂಧಿಯ ಮೇಲೆಯೇ ಬದುಕುತ್ತ ಬಂದಿದ್ದೇವೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ. ಇವೆಲ್ಲವನ್ನು ಒಂದೇ ಗಾರೆಯಿಂದ ಮುಚ್ಚಿ ಒಂದೇ ಬಣ್ಣ ಬಳಿಯುವುದು ಐಕ್ಯವಲ್ಲ. ಒಂದನ್ನೊಂದು ಮುಟ್ಟದೆ ನಿಲ್ಲುವುದು ಸ್ವಾಭಿಮಾನವೂ ಅಲ್ಲ. ತನ್ನತನವನ್ನು ಬಿಡದೆ ಹದವಾಗಿ ಹಿಡಿದು ನಿಂತ ಸಂಧಿಯೇ ಬಿರುಕನ್ನು ತಡೆಯುತ್ತದೆ. ಐವತ್ತು ವರ್ಷಗಳ ಕಾಲ ನಮ್ಮ ಶಾಲೆ ಮಾಡಿದ ಕೆಲಸ ಅದೇ. ಪ್ರತಿವರ್ಷ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆಯನ್ನು ಕಂಡು ಕಳವಳಗೊಳ್ಳುವವರಲ್ಲಿ ನಾನೂ ಒಬ್ಬ. ಆದರೆ ಆ ಬಿರುಕು ಮೇರೆ ಮೀರಿಲ್ಲವೆಂಬುದು ನನ್ನ ನಂಬಿಕೆ. ಹಳೆ ವಿದ್ಯಾರ್ಥಿಗಳು ತಮ್ಮ ಮಕ್ಕಳ, ಮೊಮ್ಮಕ್ಕಳ ಕೈ ಹಿಡಿದು ಈ ಅಂಗಳಕ್ಕೆ ಬಂದರೆ ಅದು ಅಲ್ಲಿಯೇ ನಿಲ್ಲುತ್ತದೆ. ಬರುವಾಗ ಏಳನೆಯ ತರಗತಿಯ ಗೋಡೆಯ ಆ ನೇರವಾದ ಗೀರನ್ನೂ ಒಮ್ಮೆ ನೋಡಿಹೋಗಬೇಕಾಗಿ ವಿನಂತಿ.